ಮಗ್ಗ ನಿಂತಾಗಿನ ಅಳತೆ

ಅವರು ಬದುಕಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಬರಹ ಶುರುವಾದ ಕೂಡಲೇ ಓದುವವರು ಮನಸ್ಸಿನಲ್ಲಿಯೇ ಒಂದು ಹೂವಿನ ಹಾರ ಹಿಡಿದುಕೊಂಡು ನಿಲ್ಲುತ್ತಾರೆ. ಹಾರ ಕೆಳಗಿಡಿ. ಅವರು ಈಗ ಮುಂಡರಗಿಯಲ್ಲಿ ತಮ್ಮನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೂತಿರುತ್ತಾರೆ. ಮೋಟಾರಿನ ಮೇಲೆ ಅಂಗೈ ಇಟ್ಟೇ ಬೇರಿಂಗ್ ಹೋಗಿದೆಯೋ ಇಲ್ಲವೋ ಹೇಳುತ್ತಾರಂತೆ. ಬೆಟಗೇರಿಯ ಅವರ ಷೆಡ್ಡಿಗೆ ಹೋದ ವಾರ ಬೇರೆಯವರ ಬೋರ್ಡು ಬಿತ್ತು. ಅದನ್ನು ನೋಡಿ ಬಂದ ದಿನದಿಂದ ಬರೆಯಬೇಕು, ಬರೆಯಬೇಕು ಎನ್ನುತ್ತ ಇಂದು ಕೂತಿದ್ದೇನೆ.

ಹೆಸರು ಹಾಕಬಾರದೆಂದು ಫೋನಿನಲ್ಲಿ ಅವರೇ ಹೇಳಿದರು. “ಬರೀರಿ ಸರ, ನನ್ನದೇನೂ ತಕರಾರಿಲ್ಲ. ಆದ್ರ ಹೆಸರ ಬ್ಯಾಡ. ಹೆಸರ ಹಾಕಿದ್ರ ಬೀಗರು ಓದತಾರ.” ಹಾಗಾಗಿ ಹೆಸರಿಲ್ಲ. ಗದಗ-ಬೆಟಗೇರಿಯಲ್ಲಿ ಕಾರಿಗೆ ಸ್ಪೀಕರ್ ಹಾಕಿಸಿಕೊಂಡವರಿಗೆಲ್ಲ ಅವರು ಗ್ರಾಫ್ ಕಾಕಾ. ನನಗೂ ಅಷ್ಟೇ.

ಸ್ಪೀಕರ್ ಮಾರುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾಕಾ ಮಾರುತ್ತಿರಲಿಲ್ಲ, ಅಳೆಯುತ್ತಿದ್ದರು. ಬೇರೆ ಕಡೆ ಸ್ಪೀಕರ್ ಹಾಕಿಸಿ, ಆಮೇಲೆ ಯಾಕೋ ಸರಿ ಕೇಳುತ್ತಿಲ್ಲವೆಂದು ತಲೆ ಕೆರೆದುಕೊಂಡವರು ಅವರ ಹತ್ತಿರ ಬರುತ್ತಿದ್ದರು. ಕೆಲಸ ನೋಡುವುದಕ್ಕೆ ಸರಳ. ಡ್ರೈವರ್ ಸೀಟಿನಲ್ಲಿ ತಲೆ ಇರುವ ಎತ್ತರಕ್ಕೆ ಪೆನ್ಸಿಲ್ಲಿನಷ್ಟು ಸಣ್ಣ ಮೈಕೊಂದನ್ನು ನಿಲ್ಲಿಸುವುದು. ಕಾರಿನ ಸ್ಪೀಕರಿನಿಂದ ಒಂದು ಸೀಟಿ ಬಿಡುವುದು. ಆ ಸೀಟಿ ದುಂಬಿಯ ಗುಂಯ್‌ಗಿಂತ ಕೆಳಗಿನಿಂದ ಹೊರಟು, ಮೇಲೇರುತ್ತ ಏರುತ್ತ ಸೊಳ್ಳೆಯ ಚೀಂಯನ್ನೂ ದಾಟಿ, ಕಿವಿಗೆ ಸಿಗದಷ್ಟು ಮೇಲೆ ಹೋಗಿ ಮಾಯವಾಗುತ್ತದೆ. ಯಾವ ಮಟ್ಟದ ಸದ್ದು ಎಷ್ಟು ಜೋರಾಗಿ ಬಂತು ಎಂಬುದನ್ನು ಲ್ಯಾಪ್‌ಟಾಪು ಗೆರೆಯಾಗಿ ಬರೆಯುತ್ತದೆ. ಗೆರೆ ಸಮನಾಗಿದ್ದರೆ ಕಾರು ಸುಳ್ಳು ಹೇಳುತ್ತಿಲ್ಲ ಎಂದು ಅರ್ಥ. ಸಮನಾಗಿ ಯಾವತ್ತೂ ಇರುವುದಿಲ್ಲ. ಗಾಜು ಕೆಲವು ಸದ್ದನ್ನು ಉಬ್ಬಿಸುತ್ತದೆ, ಸೀಟು ಕೆಲವನ್ನು ನುಂಗುತ್ತದೆ. ಗೆರೆ ಉಬ್ಬಿದರೆ ಕಾಕಾ ಅದನ್ನು ದಿನ್ನಿ ಎನ್ನುತ್ತಿದ್ದರು, ಇಳಿದರೆ ತಗ್ಗು.

“ದಿನ್ನಿ ಕಡದು ಸಮಾ ಮಾಡಬೌದ್ರಿ. ತಗ್ಗ ತುಂಬಾಕ ಮಾತ್ರ ಹೋಗಬಾರದು. ಎಷ್ಟ ಸದ್ದ ಸುರುವಿದ್ರೂ ನುಂಗತೈತಿ, ಕಡೀಕ ಸ್ಪೀಕರ್ ಸುಡತೈತಿ.”

ನಾನು ಗದಗಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹಳೆಯದೊಂದು ಸಣ್ಣ ಪೆಟ್ರೋಲ್ ಕಾರು ಕೊಂಡಿದ್ದೆ. ಅದರಲ್ಲಿ ಯಾರು ಹಾಡಿದರೂ ನೆಗಡಿಯಾದವರಂತೆ ಕೇಳುತ್ತಿತ್ತು. ಕಾಕಾನ ಷೆಡ್ಡಿಗೆ ತಂದು ನಿಲ್ಲಿಸಿದೆ. ತೆಳ್ಳಗೆ, ಎತ್ತರಕ್ಕೆ, ಅರ್ಧ ತೋಳಿನ ಬಿಳಿ ಅಂಗಿಯ ಐವತ್ತೈದರ ಆಸುಪಾಸಿನ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಕಾರಿನೊಳಗೆ ಕಾಲಿಟ್ಟರು. ಯಾರ ಕಾರಾದರೂ ಹಾಗೆಯೇ, ಮನೆಯೊಳಗೆ ಹೋದಂತೆ. ಒಳಗೆ ಕೂತು ಒಂದೇ ಒಂದು ಚಪ್ಪಾಳೆ ತಟ್ಟಿ, ಕತ್ತು ಓರೆ ಮಾಡಿ ಕೇಳಿದರು. ಆಮೇಲೆ ಕಾರಿನಲ್ಲಿದ್ದುದನ್ನೆಲ್ಲ ತೆಗೆದು ಕಟ್ಟೆಯ ಮೇಲೆ ಜೋಡಿಸಿದರು. ಛತ್ರಿ, ಉತ್ತರಪತ್ರಿಕೆಯ ಕಟ್ಟು, ಊಟದ ಡಬ್ಬಿ. ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು.

“ಸರ, ನಿಮ್ಮ ಗಾಡ್ಯಾಗ ಸ್ಪೀಕರ್ ಎಷ್ಟ ಅದಾವ?”

“ನಾಲ್ಕ್ರಿ.”

“ಅಲ್ರಿ, ಐದು. ನಾಲ್ಕು ಕಂಪನಿಯವರು ಹಾಕಿದ್ದು, ಒಂದು ನಿಮ್ಮ ಮನಿಯವರು ಹಾಕಿದ್ದು,” ಎಂದು ಡಬ್ಬಿಯೊಳಗಿನ ಚಮಚ ತೆಗೆದು ನನ್ನ ಕೈಗಿಟ್ಟರು.

ಷೆಡ್ಡು ಅವರ ತಂದೆಯ ಕಾಲದಲ್ಲಿ ಮಗ್ಗದ ಮನೆ. ಎಡಕ್ಕೂ ಬಲಕ್ಕೂ ಈಗಲೂ ಕೈಮಗ್ಗಗಳಿವೆ. ಲಾಳಿ ಓಡುವ ಖಟಖಟದ ನಡುವೆ ಮೈಕಿಟ್ಟು ಅಳೆಯುವುದೆಂದರೆ ಸಂತೆಯಲ್ಲಿ ಗುಟ್ಟು ಕೇಳಿದ ಹಾಗೆ. ಹಾಗಾಗಿ ಕಾಕಾನ ಅಳತೆಯೆಲ್ಲ ಮಧ್ಯಾಹ್ನ, ನೇಕಾರರು ಊಟಕ್ಕೆ ಎದ್ದ ಅರ್ಧ ಗಂಟೆಯಲ್ಲಿ. ಓಣಿಯ ಬಾಯಿಗೆ ಕೆಂಪು ಸೀರೆಯ ತುಂಡೊಂದನ್ನು ಕಟ್ಟುತ್ತಿದ್ದರು. ಅದನ್ನು ಕಂಡರೆ ಆಟೋದವರು ಹಾರ್ನ್ ಹೊಡೆಯುತ್ತಿರಲಿಲ್ಲ. ಸೀಟಿ ಮೂರು ಸಲ. ಒಂದೇ ಸಲದ ಗೆರೆಯನ್ನು ಅವರು ನಂಬುತ್ತಿರಲಿಲ್ಲ. ನಿಲ್ಲಿಸದಿದ್ದರೆ ಸೀಟಿ ತಾನೇ ಮತ್ತೆ ಮತ್ತೆ ಶುರುವಾಗುವಂತೆ ಇಟ್ಟಿರುತ್ತಿದ್ದರು. ಮೂರಾದ ಕೂಡಲೇ ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟು ನಿಲ್ಲಿಸಿ, “ಆತು!” ಎಂದು ಕೂಗುತ್ತಿದ್ದರು. ಆ ಆತು ಇಡೀ ಓಣಿಗೆ ಕೇಳುತ್ತಿತ್ತು. ಅದನ್ನು ಕೇಳಿಯೇ ನೇಕಾರರು ಕೈ ತೊಳೆದು ಮಗ್ಗಕ್ಕೆ ಹೋಗುತ್ತಿದ್ದರು. ಒಮ್ಮೆ ಗಂಟಲು ಕಟ್ಟಿ ಕಾಕಾ ಕೂಗದೇ ಹೋದಾಗ ಅವರು ಊಟ ಮುಗಿಸಿ ಸುಮ್ಮನೆ ಕೂತೇ ಇದ್ದರಂತೆ.

ನನ್ನ ಕಾರಿನ ನೆಗಡಿ ಒಂದೇ ದಿನದಲ್ಲಿ ಹೋಗಲಿಲ್ಲ. ಹೋಗದಿದ್ದುದು ನನಗೂ ಹಿತವೇ ಆಗಿತ್ತು. ಶನಿವಾರ ಕಾಲೇಜು ಮುಗಿದ ಮೇಲೆ ಅಲ್ಲಿಗೆ ಹೋಗಿ ಕೂರುವುದು ರೂಢಿಯಾಯಿತು. ಅಲ್ಲಿ ಬರುತ್ತಿದ್ದ ಜನವೇ ಒಂದು ತಮಾಷೆ.

ಲಕ್ಷ್ಮೇಶ್ವರದ ಒಬ್ಬ ಕಾಳಿನ ವ್ಯಾಪಾರಿ ದೊಡ್ಡ ಕಾರು ತಂದಿದ್ದರು. ಸ್ಪೀಕರೆಲ್ಲ ಭಾರಿಯವು, ಆದರೆ ಡೋಲಿನ ಸದ್ದೇ ಇಲ್ಲ. ಇನ್ನೂ ಎರಡು ಸ್ಪೀಕರ್ ಹಾಕಿಸಬೇಕೇನೋ ಎಂದು ಕೇಳಲು ಬಂದಿದ್ದರು. ಕಾಕಾ ಸೀಟಿ ಬಿಟ್ಟು ಗೆರೆ ನೋಡಿದರು. ಎಡ ಬಾಗಿಲಿನ ಸ್ಪೀಕರಿನ ಎರಡು ವೈರು ಬಿಚ್ಚಿ, ಅದಲು ಬದಲು ಮಾಡಿ ಸಿಕ್ಕಿಸಿದರು. ಡೋಲು ಬಂತು.

“ಏನಾಗಿತ್ರಿ?” ಎಂದರು ವ್ಯಾಪಾರಿ.

“ಏನಿಲ್ರಿ, ಒಂದ ಸ್ಪೀಕರ್ ಮುಂದ ದೂಡಿದಾಗ ಇನ್ನೊಂದು ಹಿಂದ ಜಗ್ಗತಿತ್ತು. ಜಂಟಿ ಮನಿ ಇದ್ದಂಗ. ಇಬ್ಬರೂ ದುಡೀತಾರ, ಕೆಲಸ ಮಾತ್ರ ಮುಂದ ಹೋಗೂದಿಲ್ಲ.”

ವ್ಯಾಪಾರಿಗೆ ಸಂತೋಷವಾಗಲಿಲ್ಲ. ಅಷ್ಟು ದೂರದಿಂದ ಬಂದದ್ದಕ್ಕೆ ರೋಗ ಸ್ವಲ್ಪ ದೊಡ್ಡದಿರಬೇಕಿತ್ತು ಎಂಬ ಮುಖ ಮಾಡಿಕೊಂಡು ಹೋದರು.

ಅಸುಂಡಿಯವನೊಬ್ಬ ಟ್ರ್ಯಾಕ್ಟರನ್ನೇ ಅಳೆಸಲು ತಂದ. ಹಿಂದೆ ಮಂಚದಷ್ಟು ದೊಡ್ಡ ಸ್ಪೀಕರ್ ಡಬ್ಬಿ. “ಕಾಕಾ, ಎದಿ ನಡಗಬೇಕ್ ನೋಡು,” ಎಂದ.

“ಲೇ ತಮ್ಮಾ, ಇದಕ್ಕ ಬಾಗಲ ಇಲ್ಲ, ಕಿಟಕಿ ಇಲ್ಲ. ನೀ ಬಿಟ್ಟ ಸದ್ದೆಲ್ಲಾ ಹೊಲಕ್ಕ ಹೊಂಟೈತಿ. ಯಾರ ಎದಿ ನಡಗಿಸಾಂವ? ಜ್ವಾಳದ್ದ?”

“ಹಂಗಾರ ಏನ್ ಮಾಡ್ಲಿ?”

“ಇಳಿಸಿ ಮನ್ಯಾಗ ಇಡು. ನಿಮ್ಮಪ್ಪ ಒದ್ದು ಹೊರಗ ಹಾಕಿದ ಮ್ಯಾಲೆ ಬಾ, ಮುಂದಿಂದು ನೋಡೂಣು.”

ಆದರೆ ಕಾಕಾ ಎಂದರೆ ನನಗೆ ಮೊದಲು ನೆನಪಾಗುವುದು ಶಿರಹಟ್ಟಿಯ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಬಂದ ದಿನ. ಅವರಿಗೆ ಎಡಗಿವಿ ಪೂರ್ತಿ ಕೇಳುತ್ತಿರಲಿಲ್ಲ. ಕಾರಿನಲ್ಲಿ ಹಾಡು ಹಾಕಿದರೆ ಅರ್ಧ ವಾದ್ಯಗಳೇ ಕಾಣೆಯಾಗುತ್ತವೆ, ಅಂಗಡಿಯವರು ನಗುತ್ತಾರೆ ಎಂದು ಸಂಕೋಚದಿಂದ ಹೇಳಿದರು. ಕಾಕಾ ನಗಲಿಲ್ಲ. ಮೈಕನ್ನು ಸೀಟಿನ ನಡುವಿನಿಂದ ತೆಗೆದು ಬಲಗಿವಿಯ ಜಾಗಕ್ಕೆ ತಂದರು. ಎಡಗಡೆಯ ಸದ್ದನ್ನೂ ಬಲಗಡೆಯದನ್ನೂ ಕೂಡಿಸಿ, ಎಲ್ಲವೂ ಆ ಒಂದು ಕಿವಿಗೆ ಸಮನಾಗಿ ಸೇರುವಂತೆ ಮೂರು ದಿನ ಕೂತು ಹೊಂದಿಸಿದರು. ಹೆಡ್‌ಮಾಸ್ತರರು ಕಾರಿನಲ್ಲಿ ಕೂತು ಕಣ್ಣು ಮುಚ್ಚಿ ಒಂದು ಹಾಡು ಪೂರ್ತಿ ಕೇಳಿದರು. ಇಳಿದು ಬಂದು, “ತಬಲಾ ಇತ್ತೇನ್ರಿ ಈ ಹಾಡಿನ್ಯಾಗ?” ಎಂದರು. ಅವರು ಹೋದ ಮೇಲೆ ಕಾಕಾ ನನಗೆ, “ಅಳತಿ ಯಾರ ಕಿವಿಗಿ ಅನ್ನೂದು ಮೊದಲ ಕೇಳಬೇಕ್ರಿ ಸರ. ಪುಸ್ತಕದಾಗಿನ ಕಿವಿ ಯಾರಿಗೂ ಇರೂದಿಲ್ಲ,” ಎಂದರು.

ಅವರ ಹಟವೊಂದಿತ್ತು. ಆ ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿದರೆ ಗೆರೆಯ ಏರುಪೇರೆಲ್ಲ ಮಾಯವಾಗಿ ಅದು ನುಣ್ಣಗೆ ಕಾಣುತ್ತದೆ. ಸ್ಪೀಕರ್ ಅಂಗಡಿಯವರು ಗೋಡೆಗೆ ಹಾಕಲು ಅಂಥದೇ ಬೇಕೆಂದು ಗಂಟು ಬೀಳುತ್ತಿದ್ದರು. ಕಾಕಾ ಕೊಡುತ್ತಿರಲಿಲ್ಲ. “ಇಸ್ತ್ರಿ ಮಾಡಿದ ಗ್ರಾಫ್ ನನ್ನ ಕಡೆ ಸಿಗೂದಿಲ್ಲ. ಮುದ್ದಿ ಆಗಿದ್ದು ಮುದ್ದಿ ಆಗೇ ಕಾಣಬೇಕು.”

ಇನ್ನು ಅವರ ಷೆಡ್ಡು ಮುಚ್ಚಿಸಿದ ಆ ದಿನದ್ದು.

ಈ ಭಾಗವನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದೇನೆಂದರೆ, ಬರೆಯುವುದು ಸುಲಭ ಅಂದುಕೊಂಡಿದ್ದೆ. ಇಲ್ಲಿಯವರೆಗೆ ನಗುತ್ತ ಬರೆದ ಕೈ ಇಲ್ಲಿಗೆ ಬಂದು ನಿಂತಿತು. ಎದ್ದು ನೀರು ಕುಡಿದು ಬಂದು ಕೂತಿದ್ದೇನೆ.

ಶನಿವಾರ. ಸಂಜೆ ಲಕ್ಷ್ಮೇಶ್ವರದಲ್ಲಿ ನನ್ನ ಗೆಳೆಯನೊಬ್ಬನ ಗೃಹಪ್ರವೇಶವಿತ್ತು. ಕಾರು ಅಷ್ಟರೊಳಗೆ ಬೇಕು ಎಂದು ನಾನೇ ಅವಸರ ಮಾಡಿದೆ. ಅವತ್ತು ಊಟದ ಹೊತ್ತಾದರೂ ಮಗ್ಗಗಳು ನಿಲ್ಲಲಿಲ್ಲ. ಯಾವುದೋ ಮದುವೆಯ ಸೀರೆ ಸಂಜೆಗೆ ಹೋಗಬೇಕಿತ್ತು, ನೇಕಾರರು ಪಾಳಿಯ ಮೇಲೆ ಉಂಡು ಬರುತ್ತಿದ್ದರು. ಸಾಲದ್ದಕ್ಕೆ ಕರೆಂಟು ಹೋಯಿತು. ಅಳೆಯುವಾಗ ಕಾರಿನ ಬ್ಯಾಟರಿ ಇಳಿಯಬಾರದೆಂದು ಕಾಕಾ ಯಾವಾಗಲೂ ಚಾರ್ಜರ್ ಹಚ್ಚುತ್ತಿದ್ದರು. ಕರೆಂಟಿಲ್ಲದ್ದಕ್ಕೆ ಎಂಜಿನ್ ಚಾಲೂ ಮಾಡಿದರು. “ಎಂಜಿನ್ ಸದ್ದ ಎಷ್ಟೈತಿ ನನಗ ಗೊತ್ತೈತಿ, ಅದನ್ನ ಕಳೀತೀನಿ. ಈ ಮಗ್ಗದ್ದ ಕಳ್ಯಾಕ ಬರೂದಿಲ್ಲ,” ಎಂದು ಗೊಣಗಿದರು. ಷೆಡ್ಡಿಗೆ ಕಿಟಕಿ ಇರಲಿಲ್ಲ, ಬೆಳಕಿಗೆ ಮಾಡಿನಲ್ಲೊಂದು ಗಾಜಿನ ಹಂಚು ಅಷ್ಟೇ. ಮುಂದಿನ ರೋಲಿಂಗ್ ಷಟರ್ ತೆರೆದಿತ್ತು, ಹೊಗೆ ಹೊರಗೆ ಹೋಗುತ್ತಿತ್ತು.

ಅವರು ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ನಾನು ಚಹಾಕ್ಕೆ ಹೊರಟಿದ್ದೆ. ಹೊರಗೆ ಬಂದು ನಿಂತು ಕೇಳಿದೆ, “ಕಾಕಾರ, ಷಟರ್ ಎಳದಬಿಡ್ಲೇನ್ರಿ? ಮಗ್ಗದ ಸದ್ದ ಕಡಿಮಿ ಆಗತೈತಿ.”

ಅವರು ತಿರುಗಿ ನೋಡಲಿಲ್ಲ. ಹೆಬ್ಬೆರಳು ಎತ್ತಿದರು.

ನಾನು ಷಟರ್ ಎಳೆದೆ. ಎಳೆದು, ಒಳ್ಳೆಯ ಕೆಲಸ ಮಾಡಿದ ಖುಷಿಯಲ್ಲಿ ರಸ್ತೆ ದಾಟಿ ಚಹಾದಂಗಡಿಯ ಬೆಂಚಿನ ಮೇಲೆ ಕೂತೆ.

ಇಂಗಾಲವು ಪೂರ್ತಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮುಚ್ಚಿದ ಜಾಗದಲ್ಲಿ ಗಾಡಿ ಚಾಲೂ ಇಡಬಾರದು. ಇದನ್ನು ಪ್ರತಿ ವರ್ಷ ನಾಲ್ಕು ವಿಭಾಗದ ಮಕ್ಕಳಿಗೆ ಬರೆಸುವವನು ನಾನು. ಬೋರ್ಡಿನ ಮೇಲೆ ಚಿತ್ರವನ್ನೂ ಬಿಡಿಸುತ್ತೇನೆ. ಆ ಚಿತ್ರದಲ್ಲಿ ಒಂದು ಕಾರಿದೆ, ಒಂದು ಮುಚ್ಚಿದ ಬಾಗಿಲಿದೆ.

ಮಗ್ಗದ ಸದ್ದಿನ ಮೇಲೂ ಮೊದಲ ಮೂರು ಸೀಟಿ ಕೇಳಿದವು. “ಆತು!” ಗೆರೆ ತಿದ್ದಲು ಸ್ವಲ್ಪ ಹೊತ್ತು ಸುಮ್ಮನಾಯಿತು. ಮತ್ತೆ ಮೂರು. ಈ ಸಲದ ಆತು ಸಣ್ಣದಾಗಿ, ಎಳೆದಂತೆ ಬಂತು. ಷಟರ್ ಮುಚ್ಚಿದೆಯಲ್ಲ, ಅದಕ್ಕೇ ಹೀಗೆ ಕೇಳುತ್ತಿದೆ ಎಂದುಕೊಂಡೆ. ಮಿರ್ಚಿ ಭಜಿ ಎಣ್ಣೆಯಲ್ಲಿತ್ತು. ಅದಕ್ಕಾಗಿ ಕಾಯುತ್ತ ಕೂತೆ. ಬಹಳ ಹೊತ್ತಿನ ಮೇಲೆ ಮತ್ತೆ ಸೀಟಿ ಶುರುವಾಯಿತು. ಒಂದು, ಎರಡು, ಮೂರು. ಆತು ಬರಲಿಲ್ಲ. ನಾಲ್ಕು.

“ಕಾಕಾಗ ಲೆಕ್ಕ ತಪ್ಪೇತಿ ನೋಡ್ರಿ,” ಎಂದ ಚಹಾದವನು.

“ಐದು,” ಎಂದೆ ನಾನು.

“ನಿಮ್ಮ ಗಾಡಿ ಭಾಳ ಜಡ್ಡ ಐತಿ ಸರ. ಆರು.”

ಇಬ್ಬರೂ ನಕ್ಕೆವು. ಮಿರ್ಚಿ ಬಂತು, ಸುಡುತ್ತಿತ್ತು, ಊದಿ ಊದಿ ತಿಂದೆ. ಏಳು, ಎಂಟು. ಒಂಬತ್ತನೆಯದು ದುಂಬಿಯಿಂದ ಹೊರಟು ಸೊಳ್ಳೆಯಾಗುವಷ್ಟರಲ್ಲಿ ಬೋರ್ಡಿನ ಮೇಲಿನ ಚಿತ್ರ ಕಣ್ಣಿಗೆ ಬಂತು. ಪ್ಲೇಟು ಎಲ್ಲಿ ಬಿತ್ತೋ ನೆನಪಿಲ್ಲ. ನಾಲ್ಕನೆಯ ಸೀಟಿಯಿಂದ ಒಂಬತ್ತನೆಯದರವರೆಗೆ ಎರಡು ನಿಮಿಷವಿರಬಹುದು. ಆ ಎರಡು ನಿಮಿಷ ನಾನು ಮಿರ್ಚಿ ತಿನ್ನುತ್ತಿದ್ದೆ.

ಷಟರ್ ಎತ್ತಿದಾಗ ಹೊಗೆಯ ಬಿಸಿ ಮುಖಕ್ಕೆ ಹೊಡೆಯಿತು. ಕಾಕಾ ಡ್ರೈವರ್ ಸೀಟಿನ ಕಡೆಗೆ ವಾಲಿದ್ದರು, ಮೈಕಿನ ಸ್ಟ್ಯಾಂಡು ಅವರ ಹೆಗಲ ಕೆಳಗೆ ಮುರಿದಿತ್ತು. ಮೈಕು ಅವರ ಎದೆಗೆ ಒತ್ತಿಕೊಂಡಿತ್ತು. ಸೀಟಿ ಹನ್ನೊಂದನೆಯದೋ ಹನ್ನೆರಡನೆಯದೋ ಏರುತ್ತಲೇ ಇತ್ತು. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದೆ. “ಬರ್ರೋ!” ಎಂದು ಒದರಿದೆ. ಆಗ ಮಗ್ಗಗಳು ನಿಂತವು. ಎರಡೂ ಕಡೆಯಿಂದ ನೇಕಾರರು ಓಡಿ ಬಂದು, ಅವರನ್ನು ಎತ್ತಿ ರಸ್ತೆಗೆ ತಂದರು. ಒಬ್ಬರು ನೀರು ಎನ್ನುತ್ತಿದ್ದರು, ಇನ್ನೊಬ್ಬರು ಉಳ್ಳಾಗಡ್ಡಿ ಮೂಸಿಸಿರಿ ಎನ್ನುತ್ತಿದ್ದರು. ನಾನು ಗಾಳಿ, ಗಾಳಿ ಎಂದು ಕೂಗುತ್ತಿದ್ದೆ. ಕೆಂಪು ಸೀರೆಯ ತುಂಡಿನ ಆಚೆ ನಿಂತಿದ್ದ ಆಟೋದವನು ಕೇಳದೆಯೇ ಗಾಡಿ ಹಿಂದಕ್ಕೆ ತಂದ. ಅವತ್ತು ದಾರಿಯುದ್ದಕ್ಕೂ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದರು. ಆಮೇಲೆ ಡಾಕ್ಟರು ಬರೆದುಕೊಳ್ಳುತ್ತ ಕೇಳಿದರು, “ಎಂಜಿನ್ ಚಾಲೂ ಇಟ್ಟು ಷಟರ್ ಹಾಕಿದವರು ಯಾರ್ರಿ?”

ಕಾಕಾ ಮುಖದ ಮೇಲಿನ ಮಾಸ್ಕ್ ಸ್ವಲ್ಪ ಸರಿಸಿದರು. “ನಾನ ಎಳಕೊಂಡೆರಿ. ಮಗ್ಗದ ಸದ್ದಿತ್ತು.”

ನಾನು ಮಂಚದ ಕಾಲ ಕಡೆಗೆ ನಿಂತಿದ್ದೆ. ಅವರ ಹೆಂಡತಿ ನನ್ನ ಪಕ್ಕದಲ್ಲೇ ಇದ್ದರು. ನಾನು ಬಾಯಿ ತೆರೆಯಲಿಲ್ಲ. ಹೆಬ್ಬೆರಳು ಎತ್ತಿದ್ದರಲ್ಲ, ಅವರೇ ಒಪ್ಪಿದ್ದರಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಆಮೇಲೆ ಹತ್ತು ದಿನ ಅದೇ ಮಾತನ್ನು ಹೇಳಿಕೊಂಡು ತಿರುಗಿದೆ.

ಹತ್ತನೆಯ ದಿನ ಅವರ ಮನೆಗೆ ಹೋದೆ. ಕಾಕಾ ಜಗಲಿಯ ಮೇಲೆ ಕೂತು ತಮ್ಮ ಕಿವಿಯನ್ನೇ ಅಳೆದುಕೊಳ್ಳುತ್ತಿದ್ದರು. ಹೆಡ್‌ಫೋನ್ ಹಾಕಿ ಒಂದೊಂದೇ ಸದ್ದು ಬಿಟ್ಟು, ಕೇಳಿದ್ದನ್ನು ಹಾಳೆಯ ಮೇಲೆ ಚುಕ್ಕೆ ಮಾಡುತ್ತಿದ್ದರು. ಎಡಗಿವಿಯ ಗೆರೆ ನಡುವೆ ಕುಸಿದಿತ್ತು. “ನೋಡ್ರಿ ಸರ, ನನ್ನ ಗಾಡ್ಯಾಗೂ ಒಂದು ತಗ್ಗ ಬಿದ್ದೈತಿ,” ಎಂದು ನಕ್ಕು ಹಾಳೆ ತೋರಿಸಿದರು. ಇಸ್ತ್ರಿ ಮಾಡಿರಲಿಲ್ಲ. “ಇನ್ನ ಮಂದಿ ಗಾಡಿ ಅಳ್ಯಾಕ ಈ ಕಿವಿ ನಂಬಬಾರದು. ಅಂಗಡಿ ಬಿಡತೀನಿ.” ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ನಾನು ಅವರ ಕಡೆ ತಿರುಗಿದೆ.

“ಅಕ್ಕಾರ, ಅವತ್ತ ಷಟರ್ ಎಳದಾಂವ ನಾನ್ರಿ. ಕಾಕಾ ಅಲ್ಲ.”

ಅವರು ಸೆರಗು ಸರಿ ಮಾಡಿಕೊಂಡರು. ಮುಖದಲ್ಲಿ ಏನೂ ಬದಲಾಗಲಿಲ್ಲ.

“ಗೊತ್ತೈತ್ರಿ. ಆ ಷಟರ್ ಒಳಗಿನ ಹಿಡಿಕಿ ಮುರದು ಎರಡು ವರ್ಷ ಆತು. ಒಳಗಿಂದ ಎಳ್ಯಾಕೂ ಬರೂದಿಲ್ಲ, ಎತ್ತಾಕೂ ಬರೂದಿಲ್ಲ. ತಾವು ಒಳಗಿದ್ದಾಗ ಇವರು ಯಾರಿಂದರ ಷಟರ್ ಮುಚ್ಚಸ್ತಾರೇನ್ರಿ? ಸತ್ರೂ ಮುಚ್ಚಸೂದಿಲ್ಲ.”

ಅಂದರೆ ಅವರಿಗೆ ನನ್ನ ಮಾತು ಕೇಳಿಸಿಯೇ ಇರಲಿಲ್ಲ. ಹೆಬ್ಬೆರಳು ಎತ್ತಿದ್ದು ನನಗಲ್ಲ, ಲ್ಯಾಪ್‌ಟಾಪಿಗೆ, ಮೈಕಿನ ಸಿಗ್ನಲ್ ಸರಿಯಾಗಿ ಬಂದದ್ದಕ್ಕೆ. ತಲೆ ಸುತ್ತಿದಾಗ ಅವರು ಇಳಿದು ಷಟರಿನ ತನಕ ಬಂದಿದ್ದರೋ, ಬಡಿದಿದ್ದರೋ, ಆ ಖಟಖಟದಲ್ಲಿ ಯಾರಿಗೂ ಕೇಳಿಸಲಿಲ್ಲವೋ ಎಂದು ನಾನು ಅವರನ್ನು ಕೇಳಲಿಲ್ಲ. ಈಗಲೂ ಕೇಳಿಲ್ಲ.

“ಮತ್ತ ಡಾಕ್ಟರ ಮುಂದ ಯಾಕ ಹಂಗ ಹೇಳಿದ್ರಿ?” ಎಂದೆ. ಸುಳ್ಳು ಎಂಬ ಮಾತನ್ನು ಆ ಮನುಷ್ಯನ ಮುಂದೆ ಆಡಲು ನಾಲಿಗೆ ಹೊರಳಲಿಲ್ಲ.

ಕಾಕಾ ಹೆಡ್‌ಫೋನನ್ನು ಕೊರಳಿಗೆ ಇಳಿಸಿದರು.

“ಅಲ್ಲ ಸರ, ಕೆಮಿಸ್ಟ್ರಿ ಮಾಸ್ತರರು ಹೊಗಿಯೊಳಗ ಮನಿಶ್ಯಾನ್ನ ಹಾಕಿ ಬಾಗಲಾ ಹಾಕಿದ್ರು ಅಂತ ಊರೆಲ್ಲಾ ಆದ್ರ, ನಾಳೆ ನೀವು ಆ ಪಾಠ ಹೆಂಗ ಹೇಳವ್ರು? ಹುಡುಗ್ರು ನಗೂದಿಲ್ಲೇನ್ರಿ?” ಎಂದು ತಾವೇ ನಕ್ಕರು. ಆಮೇಲೆ ಹೆಂಡತಿಗೆ, “ಹೋಗ, ಚಾ ಇಡು. ಸರ ಬೆವತಾರ,” ಎಂದರು.

ಈ ವರ್ಷ ಆ ಪಾಠ ಮೊನ್ನೆ ಬಂತು. ಬೋರ್ಡಿನ ಮೇಲೆ ಕಾರು ಬಿಡಿಸಿದೆ, ಮುಚ್ಚಿದ ಬಾಗಿಲು ಬಿಡಿಸಿದೆ. ಸೀಮೆಸುಣ್ಣ ಕೆಳಗಿಟ್ಟು, ಮಕ್ಕಳ ಕಡೆ ತಿರುಗಿ, ಬೆಟಗೇರಿಯ ಒಂದು ಷೆಡ್ಡಿನಲ್ಲಿ ಈ ಬಾಗಿಲನ್ನು ಎಳೆದವನು ನಾನು ಎಂದು ಹೇಳಿದೆ. ಮಿರ್ಚಿಯನ್ನೂ ಬಿಡದೆ ಎಲ್ಲ ಹೇಳಿದೆ. ಎಂಬತ್ತು ಮಕ್ಕಳಿದ್ದರು.

ಯಾರೂ ನಗಲಿಲ್ಲ.